ಹಳೆಯ ಪಿಕಪ್ಪಿನ ಹೊಸ ಸಸ್ಪೆನ್ಷನ್ ಮತ್ತು ಅಳತೆಯ ವ್ಯಾಪಾರ

ವಾಹನಗಳ ಬಿಡಿಭಾಗ ತಯಾರಿಕೆಯಲ್ಲಿ ತೊಡಗಿರುವ ನಮ್ಮ ಸಣ್ಣ ಉದ್ಯಮಿಗಳು ಸಾಮಾನ್ಯವಾಗಿ ಎರಡು ಮಾರುಕಟ್ಟೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದು, ದೊಡ್ಡ ಕಂಪನಿಗಳಿಗೆ ಅವರ ನಕ್ಷೆಯಂತೆ ಮಾಡಿಕೊಡುವ ಜಾಬ್‌ವರ್ಕ್. ಇನ್ನೊಂದು, ರಿಪೇರಿಗೆಂದು ಅಂಗಡಿಗಳಿಗೆ ಸರಬರಾಜಾಗುವ ಬದಲಿ ಬಿಡಿಭಾಗ. ಮೊದಲನೆಯದರಲ್ಲಿ ದರವನ್ನು ಕೊಳ್ಳುವವನು ಗೊತ್ತುಮಾಡುತ್ತಾನೆ. ಎರಡನೆಯದರಲ್ಲಿ ಪಕ್ಕದ ಶೆಡ್ಡಿನ ತಯಾರಕ ಗೊತ್ತುಮಾಡುತ್ತಾನೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯ ಉದ್ಯಮವೊಂದು ಅಮೆರಿಕದಲ್ಲಿ ಹಲವು ದಶಕಗಳಿಂದ ಸಣ್ಣ ಕಾರ್ಖಾನೆಗಳ ಕೈಯಲ್ಲಿಯೇ ಉಳಿದು ಬಂದಿದೆ. 1950ರ ದಶಕದ ಪಿಕಪ್ ಟ್ರಕ್ಕುಗಳ ಮುಂಭಾಗದ ಸಸ್ಪೆನ್ಷನ್ನನ್ನು ತೆಗೆದು, ಅದರ ಸ್ಥಾನದಲ್ಲಿ ಇತ್ತೀಚಿನ ವಿನ್ಯಾಸದ ಸಸ್ಪೆನ್ಷನ್ ಕೂರಿಸುವುದಕ್ಕೆ ಬೇಕಾದ ಸಾಮಗ್ರಿಗಳನ್ನು ತಯಾರಿಸಿ ಮಾರುವ ಉದ್ಯಮವದು. ಕೇಳಿದೊಡನೆ ಶ್ರೀಮಂತರ ಹವ್ಯಾಸವೆಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಅದರ ಒಳಗುಟ್ಟನ್ನು ನೋಡಿದರೆ ನಮ್ಮ ತಯಾರಕರು ತಮ್ಮ ದರಪಟ್ಟಿಯನ್ನು ಇನ್ನೊಮ್ಮೆ ಓದಿಕೊಳ್ಳಬೇಕಾದೀತು ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲಿಗೆ ಟ್ರಕ್ಕಿನ ವಿಷಯ. ಫೋರ್ಡ್ ಕಂಪನಿ ತನ್ನ ಎಫ್ ಶ್ರೇಣಿಯ ಪಿಕಪ್ಪುಗಳನ್ನು 1948ರಲ್ಲಿ ಆರಂಭಿಸಿತು. ಎಫ್-100 ಎಂಬ ಹೆಸರು ಬಂದುದು 1953ರಲ್ಲಿ. ಶೆವರ್ಲೆಯ ಅದೇ ಕಾಲದ ಪಿಕಪ್ಪು 1947ರಿಂದ 1955ರ ಆರಂಭದವರೆಗೆ ಒಂದೇ ರೂಪದಲ್ಲಿ ತಯಾರಾಯಿತು. ಎರಡರಲ್ಲಿಯೂ ಮುಂಭಾಗಕ್ಕೆ ಇದ್ದುದು ಒಂದು ಗಟ್ಟಿ ಆಕ್ಸಲ್, ಅದರ ಮೇಲೆ ಎರಡು ಲೀಫ್ ಸ್ಪ್ರಿಂಗ್ ಕಟ್ಟುಗಳು, ತುದಿಗಳಲ್ಲಿ ಕಿಂಗ್‌ಪಿನ್. ನಮ್ಮ ಲಾರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಹೊಲದಿಂದ ಪೇಟೆಗೆ ಹೊರೆ ಸಾಗಿಸುವ ಬಂಡಿಗೆ ಅದಕ್ಕಿಂತ ತಕ್ಕ ಏರ್ಪಾಡು ಬೇರೊಂದಿರಲಿಲ್ಲ. ಅಂತರರಾಜ್ಯ ಹೆದ್ದಾರಿಗಳ ಜಾಲಕ್ಕೆ ಹಣ ಒದಗಿಸಿದ ಶಾಸನ ಜಾರಿಗೆ ಬಂದುದೇ 1956ರಲ್ಲಿ. ಅಂದರೆ ಈ ಟ್ರಕ್ಕುಗಳನ್ನು ರೂಪಿಸಿದವರು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ದಿನವಿಡೀ ಓಡುವ ವಾಹನವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಇಂದು ಅದೇ ಟ್ರಕ್ಕಿಗೆ ಬಲವಾದ ಎಂಜಿನ್ ಕೂರಿಸಿ ಅದೇ ಹೆದ್ದಾರಿಗೆ ಇಳಿಸುತ್ತಾರೆ. ಒಂದು ಚಕ್ರ ಗುಂಡಿಗೆ ಇಳಿದರೆ ಗಟ್ಟಿ ಆಕ್ಸಲ್ಲಿನ ಮೂಲಕ ಇನ್ನೊಂದು ಚಕ್ರವೂ ವಾಲುತ್ತದೆ, ಸವೆದ ಕಿಂಗ್‌ಪಿನ್ ಸ್ಟಿಯರಿಂಗನ್ನು ನಡುಗಿಸುತ್ತದೆ, ಡ್ರಮ್ ಬ್ರೇಕುಗಳು ಕಾದು ಸೋಲುತ್ತವೆ. ಆದಕಾರಣ ಮುಂಭಾಗವನ್ನು ಬದಲಾಯಿಸಬೇಕೆಂಬ ಬೇಡಿಕೆ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಅದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಇದೆ.

ಆರಂಭದಲ್ಲಿ ಜನ ಗುಜರಿ ಅಂಗಡಿಗೆ ಹೋದರು. ಶೆವರ್ಲೆ ಕಮಾರೊದಂತಹ ಕಾರುಗಳ ಮುಂಭಾಗದ ಸಬ್‌ಫ್ರೇಮನ್ನು ಇಡಿಯಾಗಿ ತಂದು, ಟ್ರಕ್ಕಿನ ಚಾಸಿಸ್ಸಿನ ಮುಂತುದಿಯನ್ನು ಕತ್ತರಿಸಿ, ಅಲ್ಲಿ ಇದನ್ನು ಬೆಸೆದರು. ಕೆಲಸ ನಡೆಯಿತು, ಆದರೆ ಬೆಸುಗೆಯ ಗುಣ ಬೆಸೆದವನ ಕೈಗುಣವಾಗಿತ್ತು. ಚಕ್ರಗಳು ಮಡ್ಗಾರ್ಡಿನಿಂದ ಹೊರಚಾಚುತ್ತಿದ್ದವು, ರೇಡಿಯೇಟರ್, ಬಂಪರ್ ಮುಂತಾದವುಗಳನ್ನು ಕೂರಿಸುವ ಜಾಗಗಳೆಲ್ಲ ಹೊಸದಾಗಿ ಆಗಬೇಕಿತ್ತು. ಒಮ್ಮೆ ಕತ್ತರಿಸಿದ ಚಾಸಿಸ್ ಮತ್ತೆ ಮೊದಲಿನಂತಾಗುವುದೂ ಇಲ್ಲ.

ತಿರುವು ಬಂದುದು ಯಾರೂ ನಿರೀಕ್ಷಿಸದ ಕಡೆಯಿಂದ. ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರಿನ ಎರಡನೆಯ ಅವತಾರ, ‘ಮಸ್ಟಾಂಗ್ ಟು’, 1974ರಿಂದ 1978ರವರೆಗಿನ ಮಾದರಿ. ತೈಲ ಬಿಕ್ಕಟ್ಟಿನ ಕಾಲದ ಚಿಕ್ಕ ಕಾರು. ಅದೇ ಕಂಪನಿಯ ಅಗ್ಗದ ಪಿಂಟೊ ಕಾರಿನೊಡನೆ ಅನೇಕ ಬಿಡಿಭಾಗಗಳನ್ನು ಹಂಚಿಕೊಂಡಿತ್ತು. ಮಸ್ಟಾಂಗ್ ಪ್ರಿಯರು ಇಂದಿಗೂ ಆ ಮಾದರಿಯನ್ನು ಹೀಗಳೆಯುವುದುಂಟು. ಆದರೆ ಅದರ ಮುಂಭಾಗದಲ್ಲಿ ಮೂರು ಗುಣಗಳು ಒಟ್ಟಿಗೆ ಕೂಡಿಬಂದಿದ್ದವು. ಮೇಲೊಂದು ಕೆಳಗೊಂದು ಕಂಟ್ರೋಲ್ ಆರ್ಮ್ ಇದ್ದ ಸ್ವತಂತ್ರ ಸಸ್ಪೆನ್ಷನ್ ಅದಾಗಿತ್ತು. ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್ ಅದಕ್ಕೆ ಸೇರಿಕೊಂಡೇ ಇತ್ತು. ಇವೆಲ್ಲವೂ ಒಂದು ಕಿರಿದಾದ ಕ್ರಾಸ್‌ಮೆಂಬರ್ ಸುತ್ತ ಅಡಕವಾಗಿದ್ದವು. ಅಗಲ ಕಡಿಮೆಯಿದ್ದುದರಿಂದ ಹಳೆಯ ಟ್ರಕ್ಕುಗಳ ಮಡ್ಗಾರ್ಡಿನೊಳಗೆ ಚಕ್ರಗಳು ಸಲೀಸಾಗಿ ಕೂರುತ್ತಿದ್ದವು. ಚಾಸಿಸ್ಸಿನ ಮುಂತುದಿಯನ್ನೇ ಕತ್ತರಿಸಿ ಎಸೆಯಬೇಕಾದ ಅಗತ್ಯವೂ ಉಳಿಯಲಿಲ್ಲ. ಎರಡು ಪಟ್ಟಿಗಳ ನಡುವೆ ಕ್ರಾಸ್‌ಮೆಂಬರ್ ಬೆಸೆದರಾಯಿತು.

ಇಲ್ಲಿಂದ ಮುಂದಿನ ಕಥೆಯೇ ತಯಾರಕರಿಗೆ ಸಂಬಂಧಿಸಿದ್ದು. ಮೊದಲು ಗುಜರಿ ಕಾರುಗಳಿಂದ ಕ್ರಾಸ್‌ಮೆಂಬರನ್ನೂ ಕತ್ತರಿಸಿ ತಂದರು. ಬಳಿಕ ಸಣ್ಣ ಕಾರ್ಖಾನೆಗಳು ಕ್ರಾಸ್‌ಮೆಂಬರನ್ನು ಹೊಸದಾಗಿ ಮಾಡತೊಡಗಿದವು. ಆರ್ಮ್, ಸ್ಪಿಂಡಲ್, ರ‍್ಯಾಕ್ ಮಾತ್ರ ಹಳೆಯವು. ಗುಜರಿಯಲ್ಲಿ ಆ ಕಾರುಗಳು ಮುಗಿಯುತ್ತ ಬಂದಂತೆ ಅವುಗಳನ್ನೂ ಹೊಸದಾಗಿ ಮಾಡಿದರು. ಮೂಲ ವಿನ್ಯಾಸದ ಕೆಳಗಿನ ಆರ್ಮ್ ಒಂದೇ ಬೋಲ್ಟಿನ ಮೇಲೆ ನಿಂತಿತ್ತು, ಅದನ್ನು ಹಿಡಿದಿಡಲು ಹಿಂದಕ್ಕೆ ಚಾಚಿದ ಸ್ಟ್ರಟ್ ರಾಡ್ ಬೇಕಾಗಿತ್ತು. ಅನೇಕ ಹೊಸ ತಯಾರಕರು ಅಗಲವಾದ ಆರ್ಮ್ ಮಾಡಿ ಆ ರಾಡನ್ನೇ ಬಿಟ್ಟರು. ಮೂಲ ಬ್ರೇಕ್ ಡಿಸ್ಕು ಚಿಕ್ಕದು, ಟ್ರಕ್ಕಿಗೆ ಸಾಲದು. 11 ಅಂಗುಲದ ಡಿಸ್ಕು ಬಂತು. ಹೀಗೆ ಒಂದೊಂದಾಗಿ ಎಲ್ಲವೂ ಬದಲಾಗಿ, ಇಂದು ‘ಮಸ್ಟಾಂಗ್ ಟು ಕಿಟ್’ ಎಂದು ಮಾರಾಟವಾಗುವ ಪೆಟ್ಟಿಗೆಯಲ್ಲಿ ಆ ಕಾರಿನಿಂದ ಕಿತ್ತ ಒಂದು ತುಂಡೂ ಇರುವುದಿಲ್ಲ. ಉಳಿದಿರುವುದು ಹೆಸರು, ಮತ್ತು ಜೋಡಣೆಯ ಅಳತೆಗಳು.

ಆ ಅಳತೆಗಳು ಯಾರೊಬ್ಬರ ಸ್ವತ್ತಾಗಿ ಉಳಿಯದೆ ಇಡೀ ಉದ್ಯಮದ ಮಾನಕವಾದವು. ಒಬ್ಬನು ಸ್ಪಿಂಡಲ್ ಮಾಡುತ್ತಾನೆ, ಇನ್ನೊಬ್ಬನು ರ‍್ಯಾಕ್, ಮತ್ತೊಬ್ಬನು ಬುಷ್. ಒಬ್ಬರ ಮಾಲು ಇನ್ನೊಬ್ಬರ ಮಾಲಿಗೆ ಬಹುಮಟ್ಟಿಗೆ ಕೂಡುತ್ತದೆ. ದಾಸ್ತಾನಿನ ದೃಷ್ಟಿಯಿಂದ ನೋಡಿದರೆ ಇದರ ಲಾಭ ಇನ್ನೂ ಸ್ಪಷ್ಟ. 1953ರ ಫೋರ್ಡಿಗೂ 1950ರ ಶೆವರ್ಲೆಗೂ ಆರ್ಮ್, ಸ್ಪಿಂಡಲ್, ಸ್ಪ್ರಿಂಗ್, ಬ್ರೇಕುಗಳು ಒಂದೇ ಆಗಿರಬಹುದು. ಬದಲಾಗುವುದು ಕ್ರಾಸ್‌ಮೆಂಬರ್ ಒಂದೇ, ಏಕೆಂದರೆ ಚಾಸಿಸ್ಸಿನ ಅಗಲ, ಎತ್ತರ, ಓರೆ ಒಂದೊಂದು ಟ್ರಕ್ಕಿಗೆ ಒಂದೊಂದು. ತಯಾರಕನು ಹತ್ತಾರು ಬಗೆಯ ಟ್ರಕ್ಕುಗಳಿಗೆ ಮಾಲು ಮಾರುತ್ತಾನೆ. ಆದರೆ ಅವನ ಶೆಡ್ಡಿನಲ್ಲಿ ಬಗೆಬಗೆಯಾಗಿ ಇರಬೇಕಾದುದು ತಗಡು ಕತ್ತರಿಸಿ ಬಗ್ಗಿಸಿ ಬೆಸೆದ ಒಂದು ತುಂಡು ಮಾತ್ರ. ದುಬಾರಿ ಫೋರ್ಜಿಂಗ್ ಡೈ ಬೇಕಾಗುವ ಭಾಗಗಳೆಲ್ಲ ಸಾಮಾನ್ಯ. ಸಣ್ಣ ಬಂಡವಾಳದವನಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಬೇಕೆಂದೇ ಕುಳಿತು ಯೋಚಿಸಿದರೂ ಕಂಡುಹಿಡಿಯುವುದು ಕಷ್ಟ.

ಅದೇ ದೇಶದಲ್ಲಿ ಇದರ ಎರಡನೆಯ ಆವೃತ್ತಿ ಈಗ ನಡೆಯುತ್ತಿದೆ. ಪೊಲೀಸ್ ಇಲಾಖೆಗಳಲ್ಲಿಯೂ ಟ್ಯಾಕ್ಸಿಗಳಲ್ಲಿಯೂ ದುಡಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಕಾರಿನ 2003ರ ಮಾದರಿಗೆ ಮುಂಭಾಗವನ್ನು ಹೊಸದಾಗಿ ರೂಪಿಸಿದರು. ಸ್ಟಿಯರಿಂಗ್ ರ‍್ಯಾಕ್, ಆರ್ಮುಗಳು, ದೊಡ್ಡ ಬ್ರೇಕುಗಳು ಎಲ್ಲವನ್ನೂ ಹೊತ್ತ ಅಲ್ಯೂಮಿನಿಯಂ ಚೌಕಟ್ಟು ಬೋಲ್ಟ್ ಬಿಚ್ಚಿದರೆ ಇಡಿಯಾಗಿ ಕೆಳಗಿಳಿಯುತ್ತದೆ. ಭಾರವಾದ ಕಾರಿಗೆಂದು ಮಾಡಿದ್ದರಿಂದ ಟ್ರಕ್ಕಿನ ಭಾರಕ್ಕೆ ಅಂಜುವುದಿಲ್ಲ. ಗುಜರಿಯಲ್ಲಿ ಹೇರಳವಾಗಿ ಸಿಕ್ಕುತ್ತ ಬಂದಿದೆ. ಅದರ ದೋಷ ಒಂದೇ, ಅಗಲ. 1957ರ ನಂತರದ, ಮೈ ಅಗಲವಾದ ಫೋರ್ಡ್ ಪಿಕಪ್ಪುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. 1953ರಿಂದ 1956ರವರೆಗಿನ ಕಿರಿದಾದ ಎಫ್-100ಕ್ಕೆ ಚಕ್ರಗಳು ಮಡ್ಗಾರ್ಡಿಗೆ ತಾಗುವ ಭಯ. ಆ ಚೌಕಟ್ಟನ್ನು ಹಳೆಯ ಚಾಸಿಸ್ಸಿಗೆ ಕೂರಿಸುವ ತಟ್ಟೆಗಳನ್ನೂ ಬ್ರಾಕೆಟ್ಟುಗಳನ್ನೂ ಮಾಡಿ ಮಾರುವ ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡಿವೆ.

ಆದರೆ ಕ್ರೌನ್ ವಿಕ್ಟೋರಿಯಾ ತಯಾರಿಕೆ 2011ರ ಸೆಪ್ಟೆಂಬರಿನಲ್ಲಿ ನಿಂತಿತು. ಗುಜರಿಯ ಬಾವಿ ಎಂದಾದರೂ ಬತ್ತಲೇಬೇಕು. ಮಸ್ಟಾಂಗ್ ಟು ವಿಷಯದಲ್ಲಿ ಬಾವಿ ಬತ್ತಿದಾಗ ಸಣ್ಣ ತಯಾರಕರು ಅಳತೆಗಳನ್ನು ಹಿಡಿದುಕೊಂಡು ಮುಂದೆ ಬಂದರು. ಈ ಬಾರಿ ಎರಕದ ಅಲ್ಯೂಮಿನಿಯಂ ಚೌಕಟ್ಟನ್ನು ಮತ್ತೆ ಮಾಡುವುದು ಅಷ್ಟು ಸುಲಭವಲ್ಲ; ಅದು ಅಚ್ಚಿನ ಕೆಲಸ, ಬೆಸುಗೆಯ ಕೆಲಸವಲ್ಲ. ಅದನ್ನು ಉಕ್ಕಿನಲ್ಲಿ ಬೆಸೆದು ಮಾಡುವವರು ಬರುತ್ತಾರೋ, ಅಥವಾ ಈ ವಿನ್ಯಾಸ ಗುಜರಿಯೊಡನೆಯೇ ಮುಗಿಯುತ್ತದೋ ಎಂಬುದು ನೋಡಬೇಕಾದ ಸಂಗತಿ. ಗುಜರಿಯನ್ನು ನಂಬಿ ಬ್ರಾಕೆಟ್ ಮಾರುವವನ ವ್ಯಾಪಾರಕ್ಕೆ ಅವಧಿಯುಂಟು ಎಂದೇ ಈ ಲೇಖಕನ ಎಣಿಕೆ.

ಕೊಳ್ಳುವವನು ಹಣ ಕೊಡುವುದು ಯಾವುದಕ್ಕೆ?

ಈ ಕಿಟ್ಟುಗಳ ಬೆಲೆಯನ್ನು ನಮ್ಮಲ್ಲಿ ಕೆಲವರು ಉಕ್ಕಿನ ತೂಕದಿಂದ ಭಾಗಿಸಿ ಬೆರಗಾಗುವುದುಂಟು. ‘ಇಷ್ಟು ಕಬ್ಬಿಣಕ್ಕೆ ಇಷ್ಟೊಂದು ಬೆಲೆಯೇ, ನಾವು ಇದರ ಕಾಲುಭಾಗಕ್ಕೆ ಮಾಡಿಕೊಡುತ್ತೇವೆ’ ಎಂಬ ಮಾತು ಕೂಡಲೇ ಬರುತ್ತದೆ. ಮಾಡಿಕೊಡಬಹುದು ನಿಜ. ಆದರೆ ಲೋಹವು ಆ ಬೆಲೆಯ ಚಿಕ್ಕ ಭಾಗ.

ಒಂದೇ ಉದಾಹರಣೆ ಸಾಕು. ಚಕ್ರ ಏರಿಳಿಯುವಾಗ ಕಂಟ್ರೋಲ್ ಆರ್ಮ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಸ್ಟಿಯರಿಂಗಿನ ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಕಮಾನುಗಳು ಪರಸ್ಪರ ಹೊಂದಿರಬೇಕು. ಅದಕ್ಕಾಗಿ ಟೈ ರಾಡಿನ ಒಳತುದಿಯ ಸಂದು ಕಂಟ್ರೋಲ್ ಆರ್ಮುಗಳ ಒಳಸಂದುಗಳಿಗೆ ಸರಿಯಾದ ಸ್ಥಾನದಲ್ಲಿರಬೇಕು. ಹಾಗಿಲ್ಲದಿದ್ದರೆ ಚಾಲಕನು ಸ್ಟಿಯರಿಂಗ್ ಚಕ್ರವನ್ನು ಮುಟ್ಟದಿದ್ದರೂ, ರಸ್ತೆಯ ಉಬ್ಬಿನ ಮೇಲೆ ಮುಂದಿನ ಚಕ್ರಗಳು ತಾವಾಗಿಯೇ ತಿರುಗುತ್ತವೆ. ‘ಬಂಪ್ ಸ್ಟಿಯರ್’ ಎಂಬ ಈ ದೋಷ ಗ್ಯಾರೇಜಿನಲ್ಲಿ ನಿಂತ ವಾಹನದಲ್ಲಿ ಕಣ್ಣಿಗೆ ಬೀಳುವುದಿಲ್ಲ, ನಿಧಾನವಾಗಿ ಓಡಿಸಿದರೂ ಹೆಚ್ಚಾಗಿ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ವಾಹನ ಹೆದ್ದಾರಿಯ ಮೇಲಿರುತ್ತದೆ. ಟ್ರಕ್ಕು ಕಿರಿದೆಂದು ಕ್ರಾಸ್‌ಮೆಂಬರನ್ನು ಒಂದೆರಡು ಅಂಗುಲ ಕಡಿಮೆ ಮಾಡಿ, ರ‍್ಯಾಕನ್ನು ಮಾತ್ರ ಹಾಗೆಯೇ ಬಿಟ್ಟರೆ ಸಾಕು, ಈ ದೋಷ ಹುಟ್ಟುತ್ತದೆ.

ಇದಲ್ಲದೆ ಚಕ್ರದ ಮಧ್ಯಬಿಂದು ಮಡ್ಗಾರ್ಡಿನ ಕಮಾನಿನ ನಡುವೆಯೇ ಬರಬೇಕು. ಎಂಜಿನ್ನಿನ ಎಣ್ಣೆತೊಟ್ಟಿ ಕ್ರಾಸ್‌ಮೆಂಬರಿಗೆ ತಾಗಬಾರದು. ಸ್ಟಿಯರಿಂಗ್ ಕಂಬದಿಂದ ರ‍್ಯಾಕಿನವರೆಗೆ ಹೋಗುವ ದಂಡ ಸೈಲೆನ್ಸರ್ ಕೊಳವೆಯನ್ನು ತಪ್ಪಿಸಿಕೊಂಡು ಹೋಗಬೇಕು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇದ್ದರೆ ಬ್ರೇಕಿನ ಒತ್ತಡದ ಹಂಚಿಕೆಯನ್ನು ಹೊಸದಾಗಿ ಗೊತ್ತುಮಾಡಬೇಕು. ಇಷ್ಟನ್ನೂ ಒಂದೇ ಒಂದು ಟ್ರಕ್ಕಿಗಾಗಿ ಸ್ವತಃ ಅಳೆದು ನೋಡುವವನು ವಾರಗಟ್ಟಲೆ ಕಳೆಯಬೇಕು. ಕಿಟ್ ಮಾರುವವನು ಅದನ್ನು ಒಮ್ಮೆ ಅಳೆದು, ಕ್ರಾಸ್‌ಮೆಂಬರಿನ ಮೇಲೆಯೇ ಗುರುತು ಹಾಕಿ, ಚಾಸಿಸ್ಸನ್ನು ಯಾವ ಕೋನದಲ್ಲಿ ಮಟ್ಟ ಮಾಡಿ ನಿಲ್ಲಿಸಬೇಕು, ಎಲ್ಲಿ ಮೊದಲು ಚುಕ್ಕೆ ಬೆಸುಗೆ ಹಾಕಿ ಪರೀಕ್ಷಿಸಬೇಕು ಎಂಬುದನ್ನು ಚಿತ್ರಸಹಿತ ಬರೆದು ಪೆಟ್ಟಿಗೆಯೊಳಗೆ ಇಟ್ಟಿರುತ್ತಾನೆ. ಕೆಲಸದ ನಡುವೆ ತೊಡಕು ಬಂದರೆ ದೂರವಾಣಿಯಲ್ಲಿ ಉತ್ತರ ಕೊಡುವವರೂ ಇರಬೇಕು. ಗಿರಾಕಿ ಕೊಡುವ ಹಣದ ಬಹುಪಾಲು ಈ ಅಳತೆಗೆ, ಈ ಕಾಗದಕ್ಕೆ, ಈ ಉತ್ತರಕ್ಕೆ ಸಲ್ಲುತ್ತದೆ. ನಮ್ಮ ಕಾರ್ಖಾನೆಗಳಿಂದ ಹೊರಡುವ ಎಷ್ಟು ಪೆಟ್ಟಿಗೆಗಳಲ್ಲಿ ಮಾಲಿನ ಜತೆಗೆ ಒಂದು ಪುಟದ ಜೋಡಣಾ ಸೂಚನೆಯಾದರೂ ಇರುತ್ತದೆ?

ಇನ್ನೊಂದು ಬಾಬತ್ತು ಹೊಣೆಗಾರಿಕೆ. ಅಮೆರಿಕದ ಕ್ಯಾಲಿಫೋರ್ನಿಯಾ ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ಒಂದು ಪ್ರಸಿದ್ಧ ತೀರ್ಪು ನೀಡಿತು. ಗ್ರೀನ್‌ಮನ್ ಎಂಬವರು ಮನೆಯ ಕಾರ್ಯಾಗಾರದ ಯಂತ್ರವೊಂದರಲ್ಲಿ ಮರ ಕಡೆಯುತ್ತಿದ್ದಾಗ ಮರದ ತುಂಡು ಹಾರಿ ಹಣೆಗೆ ಬಡಿಯಿತು. ಯಂತ್ರದ ಭಾಗಗಳನ್ನು ಬಿಗಿಹಿಡಿಯಲು ಬಳಸಿದ್ದ ಸೆಟ್ ಸ್ಕ್ರೂಗಳು ಸಾಲವು ಎಂದು ತಜ್ಞರು ಸಾಕ್ಷ್ಯ ನುಡಿದರು. ದೋಷವುಳ್ಳ ಮಾಲಿನಿಂದ ಗಾಯವಾದರೆ, ತಯಾರಕನ ಅಜಾಗರೂಕತೆಯನ್ನು ಸಾಬೀತುಪಡಿಸದಿದ್ದರೂ ಆತ ಹೊಣೆಗಾರನೇ ಎಂದು ನ್ಯಾಯಾಲಯ ಹೇಳಿತು. ಆ ತತ್ವ ಬಳಿಕ ಆ ದೇಶದ ಬಹುತೇಕ ರಾಜ್ಯಗಳಿಗೆ ಹಬ್ಬಿತು. ಒಂದು ಸೆಟ್ ಸ್ಕ್ರೂವಿಗೆ ಅಷ್ಟಾದರೆ, ಟ್ರಕ್ಕಿನ ಸ್ಪಿಂಡಲ್ಲಿಗೆ ಎಷ್ಟು ಎಂಬುದನ್ನು ಊಹಿಸಬಹುದು. ಅದೇ 1963ರಲ್ಲಿ ಅಲ್ಲಿನ ವಿಶೇಷ ಬಿಡಿಭಾಗ ತಯಾರಕರು ಸೆಮಾ ಎಂಬ ಸಂಘವನ್ನು ಕಟ್ಟಿಕೊಂಡರು. ಸ್ಪರ್ಧಾ ವಾಹನಗಳ ಬಿಡಿಭಾಗಗಳಿಗೆ ಗುಣಮಟ್ಟದ ನಿರ್ದಿಷ್ಟತೆಗಳನ್ನು ಗೊತ್ತುಮಾಡುವ ಎಸ್‌ಎಫ್‌ಐ ಪ್ರತಿಷ್ಠಾನವು 1978ರಲ್ಲಿ ಇದೇ ಸಂಘದ ಒಡಲಿನಿಂದ ಬಂದಿತು. ಪೈಪೋಟಿಗಾರರು ಒಂದೇ ಮೇಜಿನ ಸುತ್ತ ಕುಳಿತು ‘ಇದಕ್ಕಿಂತ ಕಡಿಮೆಯದನ್ನು ಮಾರಬಾರದು’ ಎಂಬ ಗೆರೆ ಎಳೆದುಕೊಂಡರು ಎಂಬುದು ವಾಣಿಜ್ಯ ಸಂಸ್ಥೆಗಳಿಗೆ ಗಮನಾರ್ಹ.

ನಮ್ಮ ದಾರಿ ಬೇರೆ

ಹಾಗಾದರೆ ನಾವೂ ಇಲ್ಲಿ ಹಳೆಯ ವಾಹನಗಳಿಗೆ ಹೊಸ ಮುಂಭಾಗ ಕೂರಿಸುವ ಉದ್ಯಮ ಆರಂಭಿಸೋಣವೇ ಎಂದು ಉತ್ಸಾಹಿಗಳು ಕೇಳಬಹುದು. ಸಲ್ಲದು. ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನಧಿಕೃತವಾಗಿ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಈ ಕಟ್ಟುಪಾಡು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ರಸ್ತೆಬದಿಯ ಬೆಸುಗೆ ಅಂಗಡಿಗಳ ಕೈಗೆ ಸ್ಟಿಯರಿಂಗ್ ಕೆಲಸ ಹೋಗದಂತೆ ತಡೆದಿರುವುದು ಒಳ್ಳೆಯದೇ ಎನ್ನುವವರ ಸಾಲಿಗೆ ಈ ಲೇಖಕನೂ ಸೇರುತ್ತಾನೆ.

ಆದರೆ ಅದೇ ಕಾನೂನು ಇನ್ನೊಂದು ಬಾಗಿಲನ್ನು ತೆರೆದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳಂತೆ, 50 ವರ್ಷ ಮೀರಿದ ದ್ವಿಚಕ್ರ ವಾಹನಗಳೂ ಕಾರುಗಳೂ ಮೂಲ ರೂಪದಲ್ಲಿಯೇ ಉಳಿದಿದ್ದರೆ, ಚಾಸಿಸ್, ಕವಚ, ಎಂಜಿನ್ನುಗಳಲ್ಲಿ ಮಾರ್ಪಾಡು ಆಗದಿದ್ದರೆ, ವಿಂಟೇಜ್ ವಾಹನಗಳೆಂದು ಪ್ರತ್ಯೇಕವಾಗಿ ನೋಂದಣಿ ಪಡೆಯಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಮೆರಿಕದ ಹವ್ಯಾಸಿ ಬದಲಾವಣೆಗೆ ಹಣ ಕೊಡುತ್ತಾನೆ. ನಮ್ಮ ಹವ್ಯಾಸಿ ಬದಲಾಗದಿರುವುದಕ್ಕೆ ಹಣ ಕೊಡಬೇಕಾಗಿದೆ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು, ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು. ವರ್ಷ ವರ್ಷವೂ ಇಂತಹ ಇನ್ನಷ್ಟು ವಾಹನಗಳು 50ರ ಗೆರೆಯನ್ನು ದಾಟುತ್ತಿವೆ. ಅವುಗಳಿಗೆ ಬೇಕಾದುದು ಮೂಲ ಅಳತೆಯ ಕಿಂಗ್‌ಪಿನ್ ಸೆಟ್ಟು, ಬುಷ್ಷು, ಬ್ರೇಕ್ ಡ್ರಮ್ಮು. ಅಮೆರಿಕದ ಕಿಟ್ ತಯಾರಕನು ಕಲಿತ ವಿದ್ಯೆಯೇ ಇಲ್ಲಿಯೂ ಬೇಕು: ಸಾಮಾನ್ಯ ಭಾಗ ಯಾವುದು, ವಾಹನಕ್ಕೊಂದು ಬದಲಾಗುವ ಭಾಗ ಯಾವುದು ಎಂದು ವಿಂಗಡಿಸುವುದು, ಪೂರ್ತಿ ಸೆಟ್ಟಾಗಿ ಕೊಡುವುದು, ಜೋಡಣೆಯ ಕಾಗದ ಇಡುವುದು.

ಮಾರುಕಟ್ಟೆ ಚಿಕ್ಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ದೊಡ್ಡ ಕಂಪನಿ ಇದಕ್ಕೆ ಕೈಹಾಕದಿರುವುದಕ್ಕೂ ಅದೇ ಕಾರಣ. ಬೆಳಗಾವಿಯ ಎರಕದ ಕಾರ್ಖಾನೆಗಳಿಗಾಗಲಿ ಪೀಣ್ಯದ ಯಂತ್ರಶಾಲೆಗಳಿಗಾಗಲಿ ಇದೊಂದೇ ಬದುಕಿನ ದಾರಿಯಾಗಲಾರದು. ಜಾಬ್‌ವರ್ಕ್ ಬರದ ತಿಂಗಳುಗಳಲ್ಲಿ ಯಂತ್ರ ಸುಮ್ಮನೆ ನಿಲ್ಲದಂತೆ ನೋಡಿಕೊಳ್ಳಬಹುದು, ಅಷ್ಟೇ. ಆದರೆ ಈ ಮಾಲಿನ ದರವನ್ನು ನಾವೇ ಹೇಳಬಹುದು.

ಹೊಣೆಗಾರಿಕೆಯ ವಿಷಯದಲ್ಲಿ ನಮ್ಮಲ್ಲಿಯೂ ಕಾಲ ಬದಲಾಗಿದೆ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷದ ಜತೆಗೆ, ಸರಿಯಾದ ಬಳಕೆಯ ಸೂಚನೆಗಳನ್ನು ಕೊಡದಿರುವುದೂ ಅಲ್ಲಿ ತಯಾರಕನ ಹೊಣೆಯ ಪಟ್ಟಿಯಲ್ಲಿದೆ. ಸ್ಟಿಯರಿಂಗಿಗೂ ಬ್ರೇಕಿಗೂ ಸಂಬಂಧಿಸಿದ ಭಾಗಗಳನ್ನು ಮಾಡುವವರು ಯಾವ ಕರಗುವಿಕೆಯ ಲೋಹ, ಯಾವ ದಿನದ ಉಷ್ಣೋಪಚಾರ ಎಂಬುದನ್ನು ಪ್ರತಿ ತುಂಡಿನ ಮೇಲೆ ಅಂಕೆಯಾಗಿ ಒತ್ತಿ, ಅದಕ್ಕೊಂದು ದಾಖಲೆ ಪುಸ್ತಕ ಇಡಬೇಕು. ಫೋರ್ಜಿಂಗ್ ಆಗಬೇಕಾದ ತುಂಡನ್ನು ಅಗ್ಗವೆಂದು ಎರಕದಲ್ಲಿ ಮಾಡಿ ಕಳುಹಿಸುವವರು ತಮ್ಮೊಬ್ಬರ ಹೆಸರನ್ನು ಮಾತ್ರವಲ್ಲ, ಊರಿನ ಹೆಸರನ್ನೂ ಕೆಡಿಸುತ್ತಾರೆ.

ಕೈಹಾಕಬಯಸುವ ಸದಸ್ಯರಿಗೆ ಒಂದು ಸೂಚನೆ. ಹಳೆಯ ಕಾರಿನಿಂದ ಕಿತ್ತ ಕಿಂಗ್‌ಪಿನ್ನನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಆ ಅಂಕಿಯನ್ನೇ ನಕ್ಷೆಗೆ ಇಳಿಸುವ ಪರಿಪಾಠ ನಮ್ಮಲ್ಲಿದೆ. ಸವೆದ ತುಂಡಿನ ನಕಲು ಸವೆದ ತುಂಡೇ ಆಗುತ್ತದೆ. ಬುಷ್ ತಾಗದ, ಸವೆಯದೆ ಉಳಿದ ನಡುಭಾಗದಲ್ಲಿ ಅಳೆಯಬೇಕು. ಒಂದಲ್ಲ, ಬೇರೆ ಬೇರೆ ವಾಹನಗಳಿಂದ ಬಂದ ಐದಾರು ತುಂಡುಗಳನ್ನು ಅಳೆದು ಹೋಲಿಸಬೇಕು. ಸಾಧ್ಯವಾದರೆ ಹಳೆಯ ಅಂಗಡಿಗಳ ಅಟ್ಟದಲ್ಲಿ ಎಣ್ಣೆಕಾಗದ ಬಿಚ್ಚದೆ ಉಳಿದಿರುವ ಕಂಪನಿಯ ಮೂಲ ಮಾಲನ್ನು ಹುಡುಕಿ, ಅದರ ಗಡಸುತನವನ್ನೂ ಪರೀಕ್ಷೆಗೆ ಕೊಟ್ಟು ನೋಡಿದ ಮೇಲೆಯೇ ಮೊದಲ ತುಂಡನ್ನು ಲೇತಿಗೆ ಕಟ್ಟಬೇಕು.